ಟ್ರೇಲರ್ ಟೈರ್ ಮತ್ತೆ ಹೋಯ್ತು, ಯಾವುದು ಹಾಕಿಸಲಿ? ಸಹಾಯ ಬೇಕು

ನಮ್ಮದು ಎರಡು ಆಕ್ಸಲ್ ಟ್ರೇಲರ್. ಟೈರ್ ಎಸ್‌ಟಿ (ಟ್ರೇಲರ್‌ಗೆಂದೇ ಮಾಡಿದ್ದು) 225/75ಆರ್‌15, ಲೋಡ್ ರೇಂಜ್ (ಭಾರ ತಾಳುವ ದರ್ಜೆ) ಡಿ. ಒಂದೇ ವರ್ಷದಲ್ಲಿ ಎರಡು ಟೈರ್ ಹೋದವು. ಪಂಕ್ಚರ್ ಅಲ್ಲ, ಓಡುವಾಗಲೇ ಮೇಲಿನ ಟ್ರೆಡ್ ಪಟ್ಟಿ ಕಿತ್ತು ಬಂತು. ಎರಡನೇ ಸಲ ಮಡ್‌ಗಾರ್ಡನ್ನೂ ಹರಿದುಕೊಂಡು ಹೋಯಿತು.

ಟ್ರೆಡ್ ಚೆನ್ನಾಗಿತ್ತು, ಅದನ್ನು ನೋಡಿಯೇ ಮೋಸ ಹೋದೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಕೋಡ್‌ನ ಕೊನೆಯ ನಾಲ್ಕು ಅಂಕಿ 2317. ಅಂದರೆ 2017ರ 23ನೇ ವಾರದಲ್ಲಿ ತಯಾರಾದ ಟೈರ್! ಸುಮ್ನೆ ನಿಂತಿದ್ದರೂ ರಬ್ಬರ್ ಹಳೆಯದಾಗುತ್ತೆ ಅಲ್ವಾ.

ಗಾಳಿ ಟೈರ್ ತಣ್ಣಗಿರುವಾಗಲೇ 65 ಪಿಎಸ್‌ಐ ನೋಡುತ್ತೇನೆ. ವೇಗ ಗಂಟೆಗೆ 90 ಕಿ.ಮೀ. ದಾಟಿಸಿಲ್ಲ. ಒಂದೊಂದು ಚಕ್ರವನ್ನೂ ಬೇರೆ ಬೇರೆ ತೂಕ ಹಾಕಿಸಿದೆ. ಎಡ ಹಿಂದಿನದರ ಮೇಲೆ 1,080 ಕೆ.ಜಿ. ಇದೆ, ಟೈರ್ ತಾಳುವುದು ಸುಮಾರು 1,150. ಸಾಮಾನು ಬಲಕ್ಕೆ ಸರಿಸಿದರೂ ಜಾಸ್ತಿ ವ್ಯತ್ಯಾಸ ಆಗಲಿಲ್ಲ.

ಈಗ ನಾಲ್ಕನ್ನೂ ಬದಲಿಸಬೇಕು. ಅದೇ ಅಳತೆಯಲ್ಲಿ ಲೋಡ್ ರೇಂಜ್ ಇ ಹಾಕಿದರೆ ಸುಮಾರು 1,285 ಕೆ.ಜಿ. ತಾಳುತ್ತೆ, ಆದರೆ ಅದಕ್ಕೆ 80 ಪಿಎಸ್‌ಐ ಗಾಳಿ ಬೇಕು. ನನ್ನ ರಿಮ್ ಮೇಲೆ ಗರಿಷ್ಠ 65 ಎಂದು ಅಚ್ಚಾಗಿದೆ. ಒಬ್ಬರು ‘65ಕ್ಕೇ ಇಟ್ಟು ಓಡಿಸಿ’ ಅಂತಾರೆ, ಇನ್ನೊಬ್ಬರು ‘ರಿಮ್ಮೇ ಬದಲಿಸಿ’ ಅಂತಾರೆ.

ಇ ಟೈರ್‌ಗೆ 65 ಪಿಎಸ್‌ಐ ಅಷ್ಟೇ ಹಾಕಿದರೆ ಡಿ ಟೈರ್‌ಗಿಂತ ಏನಾದರೂ ಲಾಭ ಇದೆಯಾ? ಅಥವಾ 80 ತಾಳುವ ರಿಮ್ ಜೊತೆಗೇ ತಗೊಳ್ಳಲೇಬೇಕಾ? ಹೀಗೆ ಬದಲಿಸಿ ಓಡಿಸಿದವರು ದಯವಿಟ್ಟು ಹೇಳಿ.