ಎಚ್‌ಐವಿ ಇರುವವರು ಅಂಗವಿಕಲ ವೇತನಕ್ಕೆ ಅರ್ಜಿ ಹಾಕಬಹುದೇ? ಕಾಯಿಲೆಯ ಹೆಸರನ್ನು ಎಲ್ಲೆಲ್ಲಿ ಹೇಳಬೇಕಾಗುತ್ತದೆ?

ಪ್ರಶ್ನೆ: ಶನಿವಾರಸಂತೆ ಕಡೆಯವನು

ಮಾನ್ಯರೇ,

ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆ ಹೋಬಳಿಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹೆಂಡತಿ ಮತ್ತು ಮಗಳೊಂದಿಗೆ ವಾಸವಾಗಿದ್ದೇನೆ. ವಯಸ್ಸು 44. 2019ರ ಮಳೆಗಾಲದಲ್ಲಿ ತಡೆಯಲಾರದ ತಲೆನೋವು ಮತ್ತು ಜ್ವರ ಬಂದು, ಎಡಗೈ ಎಡಗಾಲು ಸೋತು ಆಸ್ಪತ್ರೆ ಸೇರಿದಾಗಲೇ ನನಗೆ ಎಚ್‌ಐವಿ ಇರುವ ವಿಷಯ ಮೊದಲ ಬಾರಿಗೆ ತಿಳಿಯಿತು. ಆಗ ದೇಹದ ರೋಗನಿರೋಧಕ ಶಕ್ತಿಯನ್ನು ತೋರಿಸುವ ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದಿತ್ತು. ಟಾಕ್ಸೋಪ್ಲಾಸ್ಮಾ ಎಂಬ ಸೋಂಕು ಮೆದುಳಿಗೆ ತಗುಲಿದೆ ಎಂದು ವೈದ್ಯರು ಹೇಳಿದರು. ಚಿಕಿತ್ಸೆಯಿಂದ ಜೀವ ಉಳಿಯಿತು. ಅಂದಿನಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲಿದೆ, ಹೆಂಡತಿಗೂ ಮಗಳಿಗೂ ಸೋಂಕಿಲ್ಲ.

ಆದರೆ ಎಡಗೈ ಬೆರಳುಗಳು ಈಗಲೂ ಪೂರ್ತಿ ಮಡಚುವುದಿಲ್ಲ, ನಡೆಯುವಾಗ ಎಡಪಾದ ನೆಲಕ್ಕೆ ಎಳೆಯುತ್ತದೆ. ಮೆಣಸಿನ ಕೊಯ್ಲಿನಲ್ಲಿ ಸಿಲ್ವರ್ ಮರಕ್ಕೆ ಏಣಿ ಇಟ್ಟು ಹತ್ತುತ್ತಿದ್ದವನು ಈಗ ಕಣದಲ್ಲಿ ಹರಡಿದ ಕಾಫಿಯನ್ನು ಒಂದೇ ಕೈಯಲ್ಲಿ ಕೆದಕುವ ಕೆಲಸ ಮಾಡುತ್ತೇನೆ. ಅದೂ ಕೊಯ್ಲಿನ ಕೆಲವು ತಿಂಗಳು ಮಾತ್ರ ಸಿಗುವ ಕೆಲಸ. ಉಳಿದ ದಿನಗಳಲ್ಲಿ ಮನೆ ನಡೆಯುವುದು ಹೆಂಡತಿಯ ಕೂಲಿಯಿಂದ.

ನನ್ನ ಪ್ರಶ್ನೆ ಇಷ್ಟು. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಅಂಗವಿಕಲ ವೇತನ ಸಿಗುತ್ತದೆಯೇ? ಅರ್ಜಿಯಲ್ಲಿ ಅದನ್ನು ಬರೆಯಲೇಬೇಕೇ? ಕಳೆದ ವರ್ಷ ಒಂದು ಅಂಗಡಿಯಲ್ಲಿ ಅರ್ಜಿ ತುಂಬಿಸಲು ಕುಳಿತಾಗ, ಕಂಪ್ಯೂಟರ್ ಮುಂದಿದ್ದ ಹುಡುಗ ನಾಲ್ಕು ಜನರ ಎದುರು ಗಟ್ಟಿಯಾಗಿ, ಯಾವ ಕಾಯಿಲೆಯಿಂದ ಹೀಗಾಯಿತು, ಆಸ್ಪತ್ರೆ ಕಾಗದ ಕೊಡಿ ಎಂದು ಕೈಚಾಚಿದ. ನಾನು ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದು ಬಂದುಬಿಟ್ಟೆ. ಲೈನ್ ಮನೆಗಳ ನಡುವೆ ಒಂದು ಗೋಡೆ ಮಾತ್ರ ಇರುತ್ತದೆ. ಮಾತು ಹೊರಬಿದ್ದರೆ ಮಗಳ ಶಾಲೆಯವರೆಗೂ ಹೋಗುತ್ತದೆ ಎಂಬ ಭಯ ನನ್ನದು. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಮಡಿಕೇರಿಯ ನಿವೃತ್ತ ಆಪ್ತಸಮಾಲೋಚಕಿ

ಸಹೋದರರೇ, ಎದ್ದು ಬಂದದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಕಾಗದವನ್ನು ಕೇಳುವ ಅಧಿಕಾರ ಆ ಹುಡುಗನಿಗೆ ಇರಲಿಲ್ಲ.

ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸುವುದಾದರೆ, ಎಚ್‌ಐವಿ ಸೋಂಕೊಂದನ್ನೇ ಕಾರಣವಾಗಿಟ್ಟು ಅಂಗವಿಕಲ ವೇತನ ಸಿಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ. ಅದರಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರೋಗಗಳಂತಹ ರಕ್ತದ ಕಾಯಿಲೆಗಳಿವೆ, ಆದರೆ ಎಚ್‌ಐವಿ ಇಲ್ಲ. ಹಾಗೆಂದು ನಿಮಗೆ ಬಾಗಿಲು ಮುಚ್ಚಿಲ್ಲ. ಕೈಕಾಲುಗಳ ಚಲನವೈಕಲ್ಯ ಆ ಪಟ್ಟಿಯಲ್ಲಿದೆ, ಅದು ಯಾವ ರೋಗದಿಂದ ಬಂದಿದ್ದರೂ ಸರಿ. ನೀವು ಅರ್ಜಿ ಹಾಕಬೇಕಾದದ್ದು ಸೋತ ಕೈ ಮತ್ತು ಎಳೆಯುವ ಪಾದಕ್ಕಾಗಿ. ಈ ಒಂದು ವ್ಯತ್ಯಾಸ ತಿಳಿಯದೆ, ನಮಗೆ ಅರ್ಹತೆಯೇ ಇಲ್ಲ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಇಂದಿಗೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಮೊದಲು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಅರ್ಜಿ ಸಲ್ಲಿಸಬೇಕು. ನಂತರ ಆಸ್ಪತ್ರೆಯಲ್ಲಿ ಸ್ನಾಯುಗಳ ಬಲ, ಕೀಲುಗಳ ಚಲನೆ, ನಡಿಗೆ ಇವುಗಳನ್ನು ಪರೀಕ್ಷಿಸಿ ಶೇಕಡಾವಾರು ಪ್ರಮಾಣವನ್ನು ನಿಗದಿ ಮಾಡುತ್ತಾರೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ವೇತನಕ್ಕೆ ಅರ್ಹತೆ. ಶೇ 40ರಿಂದ 75ರ ವರ್ಗಕ್ಕೆ ತಿಂಗಳಿಗೆ 600 ರೂಪಾಯಿ ಇದ್ದದ್ದನ್ನು 2021ರಲ್ಲಿ 800ಕ್ಕೆ ಏರಿಸಿದರು. ಶೇ 75ಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1,400 ರೂಪಾಯಿ ಇದೆ. ಮೊತ್ತ ಸಣ್ಣದು, ನಿಜ. ಆದರೆ ಆ ಕಾರ್ಡಿನಿಂದ ಬೇರೆ ಅನುಕೂಲಗಳೂ ತೆರೆಯುತ್ತವೆ. ಶಕ್ತಿ ಯೋಜನೆ ಬಂದ ಮೇಲೆ ನಿಮ್ಮ ಮನೆಯವರು ಸರ್ಕಾರಿ ಬಸ್ಸಿನಲ್ಲಿ ಮಡಿಕೇರಿಗೆ ಉಚಿತವಾಗಿ ಬರಬಹುದು, ಮಾತ್ರೆಗಾಗಿ ಬರುವ ನೀವು ಮಾತ್ರ ಟಿಕೆಟ್ ತೆಗೆಸಬೇಕು. ವಿಕಲಚೇತನರ ರಿಯಾಯಿತಿ ಪಾಸ್ ಇದ್ದರೆ ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯ ಪ್ರಯಾಣಕ್ಕೆ ಆ ಖರ್ಚು ತಪ್ಪುತ್ತದೆ.

ಇನ್ನು ಗುಟ್ಟಿನ ವಿಷಯ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 8ನೇ ಕಲಮಿನ ಪ್ರಕಾರ, ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ತಮ್ಮ ಎಚ್‌ಐವಿ ಸ್ಥಿತಿಯನ್ನು ಹೇಳುವಂತೆ ಬಲವಂತ ಮಾಡುವಂತಿಲ್ಲ. ನಂಬಿಕೆಯಿಂದ ಹೇಳಿಕೊಂಡದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ದಾಟಿಸುವಂತೆಯೂ ಇಲ್ಲ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ವೈಕಲ್ಯ ಪ್ರಮಾಣಪತ್ರದ ನಮೂನೆಯಲ್ಲಿ ರೋಗನಿರ್ಣಯ ಎಂಬ ಒಂದು ಸಾಲಿದೆ. ಅಲ್ಲಿ ಎಡಭಾಗದ ದೌರ್ಬಲ್ಯ ಎಂದಷ್ಟೇ ಬರೆಯುವಂತೆ ವೈದ್ಯರನ್ನು ಮೊದಲೇ ವಿನಂತಿಸಿಕೊಳ್ಳಿ. ಏಕೆಂದರೆ ಆ ಪತ್ರದ ನಕಲು ಮುಂದೆ ನಾಡಕಚೇರಿಗೂ ಬಸ್ ಪಾಸಿಗೂ ಹೋಗುತ್ತದೆ.

ಉತ್ತರ 2: ವಿರಾಜಪೇಟೆಯಿಂದ ಒಬ್ಬಳು

ಅಣ್ಣಾ, ನಾನೂ ಸೋಂಕಿತೆ. ಗಂಡ ತೀರಿಕೊಂಡ ಮೇಲೆ ನನ್ನ ಬಲಗಣ್ಣಿನ ಅಕ್ಷಿಪಟಲಕ್ಕೆ ಸಿಎಂವಿ ಎಂಬ ಸೋಂಕು ತಗುಲಿ ಆ ಕಣ್ಣು ಪೂರ್ತಿ ಹೋಯಿತು. ಒಂದು ಕಣ್ಣೇ ಇಲ್ಲವೆಂದ ಮೇಲೆ ವೇತನ ಖಂಡಿತ ಎಂದುಕೊಂಡು ಅರ್ಜಿ ಹಾಕಿದೆ. ವೈದ್ಯರು ನನ್ನ ಎಡಗಣ್ಣನ್ನು ಅಕ್ಷರದ ಹಲಗೆಯ ಮುಂದೆ ಪರೀಕ್ಷಿಸಿದರು. ಕೊನೆಯ ಸಾಲನ್ನೂ ತಪ್ಪಿಲ್ಲದೆ ಓದಿದೆ, ಓದಿದ್ದೇ ನನಗೆ ಮುಳುವಾಯಿತು. ಒಂದು ಕಣ್ಣು ಸರಿಯಿದ್ದು ಇನ್ನೊಂದು ಪೂರ್ತಿ ಹೋಗಿದ್ದರೆ ನಿಯಮದಂತೆ ಶೇ 30 ಮಾತ್ರ. ಆದ್ದರಿಂದ ಶೇಕಡಾವಾರು ಎಷ್ಟು ಬರುತ್ತದೆ ಎಂಬುದು ನಮ್ಮ ಕಷ್ಟದ ಅಳತೆಯಲ್ಲ, ಅವರ ಕೋಷ್ಟಕದ ಅಳತೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿ. ತೀರ್ಮಾನ ಸರಿಯಿಲ್ಲವೆನಿಸಿದರೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ನನಗೆ ವಿಧವಾ ವೇತನ ಬರುತ್ತಿದೆ. ಎಚ್‌ಐವಿ ಸೋಂಕಿತ ಮಹಿಳೆಯರು ಸ್ವಂತ ದುಡಿಮೆ ಆರಂಭಿಸಲು ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆಯಿದೆ. ಅದರ ನೆರವಿನಿಂದ ಹೊಲಿಗೆ ಯಂತ್ರ ಕೊಂಡೆ. ಅದು ನಿಮಗೆ ಅನ್ವಯಿಸುವುದಿಲ್ಲವಾದರೂ ಇಲ್ಲಿ ಓದುತ್ತಿರುವ ಅಕ್ಕತಂಗಿಯರಿಗೆ ಗೊತ್ತಿರಲಿ ಎಂದು ಬರೆದೆ.

ನನ್ನ ಅಭಿಪ್ರಾಯದಲ್ಲಿ ನೀವು ಆಸ್ಪತ್ರೆಯಲ್ಲೂ ಎಚ್‌ಐವಿ ಎಂಬ ಮಾತನ್ನೇ ಎತ್ತಬೇಡಿ. ಹೇಳಿದ ಮೇಲೆ ಮುಖಭಾವ ಬದಲಾಗುವುದನ್ನು ನಾನು ನೋಡಿದ್ದೇನೆ.

ಉತ್ತರ 3: ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಕುಶಾಲನಗರ ತಾಲ್ಲೂಕು

ವಿರಾಜಪೇಟೆಯ ಅಕ್ಕನವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಅವರ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಚಿಕಿತ್ಸೆ ಮುಗಿದು ಸ್ಥಿತಿ ನೆಲೆನಿಂತಿದೆಯೇ, ಇನ್ನೂ ಸುಧಾರಿಸಬಹುದೇ ಎಂಬುದನ್ನು ನೋಡಿಯೇ ವೈದ್ಯರು ಶಾಶ್ವತ ಪ್ರಮಾಣಪತ್ರ ಕೊಡಬೇಕೋ, ಅವಧಿ ನಮೂದಿಸಿದ ತಾತ್ಕಾಲಿಕ ಪತ್ರ ಕೊಡಬೇಕೋ ಎಂದು ನಿರ್ಧರಿಸುತ್ತಾರೆ. ದೌರ್ಬಲ್ಯಕ್ಕೆ ಕಾರಣವೇನೆಂದು ತಿಳಿಯದಿದ್ದರೆ ಅವರು ಮತ್ತೆ ಮತ್ತೆ ಪರೀಕ್ಷೆಗೆ ಅಲೆಸುವ ಸಾಧ್ಯತೆಯಿದೆ. ಹೇಳಬೇಕೋ ಬೇಡವೋ ಎಂಬ ಆಯ್ಕೆ ನಿಮ್ಮದೇ. ಹೇಳುವುದಾದರೆ, ಪರೀಕ್ಷಿಸುವ ವೈದ್ಯರೊಬ್ಬರಿಗೆ, ಕೋಣೆಯೊಳಗೆ, ಡಿಸ್ಚಾರ್ಜ್ ಸಮ್ಮರಿಯನ್ನು ಕೈಗೆ ಕೊಟ್ಟು ಮತ್ತೆ ಕೈಗೇ ಪಡೆದುಕೊಳ್ಳಿ. ಸಾಧ್ಯವಾದರೆ ನಿಮ್ಮ ಎಆರ್‌ಟಿ ಕೇಂದ್ರದ ವೈದ್ಯರಿಂದ ಆ ವೈದ್ಯರಿಗೆ ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ ಬರೆಸಿಕೊಂಡು ಹೋಗಿ.

ಆನ್‌ಲೈನ್ ಅರ್ಜಿಯನ್ನು ಅಂಗಡಿಯಲ್ಲಿ ತುಂಬಿಸಲೇಬೇಕೆಂದಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ನನ್ನಂತಹ ಕಾರ್ಯಕರ್ತರಿದ್ದಾರೆ, ನಾವೂ ವಿಕಲಚೇತನರೇ. ವೈಕಲ್ಯದ ಬಗೆಯನ್ನು ಕೇಳುವ ಕಡೆ ಚಲನವೈಕಲ್ಯ ಎಂದು ಆರಿಸಿದರೆ ಸಾಕು.

ಕಾರ್ಡ್ ಬಂದ ಮೇಲೆ ವೇತನದ ಅರ್ಜಿಯನ್ನು ಶನಿವಾರಸಂತೆ ನಾಡಕಚೇರಿಯಲ್ಲಿ ಕೊಡಬೇಕು. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿಗಳು ಮನೆಗೆ ಬಂದು ವಿಚಾರಿಸಬಹುದು. ಅವರು ನೋಡಬೇಕಾದದ್ದು ನೀವು ಅಲ್ಲಿ ವಾಸವಿದ್ದೀರಾ, ಆದಾಯವೆಷ್ಟು ಎಂಬುದನ್ನು. ವೈಕಲ್ಯಕ್ಕೆ ಪ್ರಮಾಣಪತ್ರವೇ ಸಾಕ್ಷಿ. ಅಕ್ಕಪಕ್ಕದವರು ಕೇಳಿದರೂ ಮೆದುಳಿಗೆ ಸೋಂಕು ತಗುಲಿ ಕೈಕಾಲು ಸೋತಿತು ಎನ್ನಿ. ಅದು ಸುಳ್ಳಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ನನ್ನ ನಮಸ್ಕಾರಗಳು. ಎಚ್‌ಐವಿಯನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ ಸರ್ಕಾರಕ್ಕೆ ಮೋಸ ಮಾಡಿದಂತಾಗುತ್ತದೆ ಎಂಬ ಅಳುಕು ಇಷ್ಟು ದಿನ ನನ್ನನ್ನು ಕಾಡುತ್ತಿತ್ತು. ಕೇಳುವುದು ಕೈಕಾಲಿನ ವಿಷಯವನ್ನು ಮಾತ್ರ ಎಂದು ಈಗ ತಿಳಿದ ಮೇಲೆ ಧೈರ್ಯ ಬಂದಿದೆ. ನಮ್ಮ ಪಂಚಾಯಿತಿಯಲ್ಲಿ ಆ ಹುದ್ದೆಯಲ್ಲಿರುವವರು ನಮ್ಮ ಲೈನಿನವರಿಗೆ ಹತ್ತಿರದ ಸಂಬಂಧಿ. ಅವರ ಬಳಿ ಹೋಗಲು ಇನ್ನೂ ಹಿಂಜರಿಕೆಯಿದೆ.

ಉತ್ತರ 1ರ ಆಪ್ತಸಮಾಲೋಚಕಿಯಿಂದ ಮತ್ತೊಮ್ಮೆ

ಹಾಗಿದ್ದರೆ ಅವರ ಬಳಿ ಹೋಗಬೇಡಿ. ಮುಂದಿನ ಸಲ ಮಾತ್ರೆಗೆ ಬಂದಾಗ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರ ಬಳಿಯೇ ಕುಳಿತು ಮಾತನಾಡಿ. ಅವರಿಗೆ ನಿಮ್ಮ ವಿಷಯ ಮೊದಲೇ ಗೊತ್ತಿರುವುದರಿಂದ ಹೊಸದಾಗಿ ಒಬ್ಬರಿಗೆ ಹೇಳುವ ಪ್ರಮೇಯ ಬರುವುದಿಲ್ಲ. ಅದಕ್ಕೂ ಮೊದಲು ಏನಾದರೂ ಕೇಳಬೇಕೆನಿಸಿದರೆ 1097 ಉಚಿತ ಸಹಾಯವಾಣಿಗೆ ಕರೆ ಮಾಡಿ, ಹೆಸರು ಹೇಳಬೇಕಾಗಿಲ್ಲ. ಬರುವಾಗ ಎಂಆರ್‌ಐ ವರದಿ ಮತ್ತು ಫಿಸಿಯೋಥೆರಪಿ ಚೀಟಿಗಳನ್ನು ಒಂದು ಫೈಲಿನಲ್ಲಿ, ಎಆರ್‌ಟಿ ಪುಸ್ತಕ ಮತ್ತು ಡಿಸ್ಚಾರ್ಜ್ ಸಮ್ಮರಿಯನ್ನು ಬೇರೊಂದು ಚೀಲದಲ್ಲಿ ಇಟ್ಟುಕೊಂಡು ಬನ್ನಿ. ಮೊದಲ ಫೈಲಿನಲ್ಲೂ ಎಚ್‌ಐವಿ ಎಂದು ಬರೆದ ಹಾಳೆ ಸೇರಿಕೊಂಡಿದೆಯೇ ಎಂದು ಪ್ರತಿ ಪುಟವನ್ನೂ ತಿರುಗಿಸಿ ನೋಡಿ.