ಸೈಕಲ್ ಬಳಗದ ಖರ್ಚಿಗೆ ಶಾಪಿಂಗ್ ಲಿಂಕ್: ಮಾಡಿ ನೋಡಿದವರು ಇದ್ದೀರಾ?

ಕೇಳಿದವರು, ಶಿವಮೊಗ್ಗ:
ನಮ್ಮದು ಶಿವಮೊಗ್ಗ ಸುತ್ತಮುತ್ತಲಿನ ಸೈಕಲ್ ಸವಾರರ ಆನ್‌ಲೈನ್ ಬಳಗ. ಗಾಜನೂರು, ಮಂಡಗದ್ದೆ, ಆಗುಂಬೆ ಕಡೆಯ ರೂಟ್ ಮ್ಯಾಪ್, ರಸ್ತೆ ಹೇಗಿದೆ ಅನ್ನೋ ಸುದ್ದಿ, ಹಳೇ ಸೈಕಲ್ ಮಾರಾಟ, ರಿಪೇರಿ ಸಲಹೆ ಎಲ್ಲ ಒಂದೇ ಕಡೆ ಸಿಗುತ್ತದೆ. ಸರ್ವರ್ ಮತ್ತು ಡೊಮೇನ್ ಖರ್ಚನ್ನು ಇಬ್ಬರು ಕೈಯಿಂದ ಹಾಕುತ್ತಿದ್ದಾರೆ. ಚಂದಾ ಕೇಳಿದರೆ ಮೊದಲ ತಿಂಗಳು ಬರುತ್ತದೆ, ಆಮೇಲೆ ಯಾರೂ ಕೊಡಲ್ಲ. ಅಫಿಲಿಯೇಟ್ ಲಿಂಕ್ ಹಾಕೋಣ ಅಂತ ಕೆಲವರು ಹೇಳುತ್ತಿದ್ದಾರೆ. ಅದರಲ್ಲಿ ಎಷ್ಟು ಬರುತ್ತದೆ, ತೊಂದರೆ ಏನು? ಅನುಭವ ಇದ್ದವರು ದಯವಿಟ್ಟು ಹೇಳಿ.

ಸಾಗರದಿಂದ:
ನಾವು ಮಾಡಿದ್ದೇವೆ ಮಾರಾಯ್ರೆ, ಈಗಲೂ ನಡೆಯುತ್ತಿದೆ. ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಆಸೆ ಒಂದು ಹದಕ್ಕೆ ಬರಲಿ. ನಿಮ್ಮ ಲಿಂಕ್ ಒತ್ತಿ ಹೋದವರು ಏನಾದರೂ ಕೊಂಡರೆ ಅಂಗಡಿಯವರು ನಿಮಗೊಂದು ಕಮಿಷನ್ ಕೊಡುತ್ತಾರೆ. ಕೊಳ್ಳುವವರಿಗೆ ಬೆಲೆ ಜಾಸ್ತಿ ಆಗಲ್ಲ. ಕಮಿಷನ್ ಸಾಮಾನಿನಿಂದ ಸಾಮಾನಿಗೆ ಬೇರೆ ಬೇರೆ. ಸುಮ್ನೆ ನೂರಕ್ಕೆ ಐದು ಅಂತಿಟ್ಟುಕೊಳ್ಳಿ. 1,500 ರೂಪಾಯಿಯ ಹೆಲ್ಮೆಟ್ಟಿಗೆ 75 ರೂಪಾಯಿ ಬಂತು. ವರ್ಷಕ್ಕೆ 6,000 ಬೇಕು ಅಂದರೆ ಅಂಥ 80 ಹೆಲ್ಮೆಟ್ ಹೋಗಬೇಕು. ನಮ್ಮ ಕಡೆ ಸೈಕಲ್ ಹೊಡೆಯುವಾಗ ಹೆಲ್ಮೆಟ್ ಹಾಕುವ ತಲೆಗಳೇ ಅಷ್ಟಿವೆಯೋ ಇಲ್ಲವೋ!

ನನಗೆ ಚೆನ್ನಾಗಿ ಗೊತ್ತಿರುವುದು ಅಮೆಜಾನ್‌ನದು. ಅದರ ಲಿಂಕಿನಲ್ಲಿ ನಿಮ್ಮ ಖಾತೆಯ ಒಂದು ಗುರುತು ಇರುತ್ತದೆ, ಭಾರತದ ಖಾತೆಯದ್ದಾದರೆ ಅದು 21ರಲ್ಲಿ ಮುಗಿಯುತ್ತದೆ. ಒತ್ತಿದ 24 ಗಂಟೆಯೊಳಗೆ ಕೊಂಡದ್ದೆಲ್ಲ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟಿದ್ದರೆ 90 ದಿನದವರೆಗೂ ನಡೆಯುತ್ತದೆ. ಕೊಂಡದ್ದು ಸೈಕಲ್ ಸಾಮಾನೇ ಆಗಿರಬೇಕು ಅಂತಿಲ್ಲ. ನಮ್ಮ ವರದಿ ತೆಗೆದರೆ ಸೈಕಲ್ಲಿನ ಹಿಂದಿನ ಲೈಟ್, ಅದರ ಕೆಳಗೆ ಕುಕ್ಕರ್ ಗ್ಯಾಸ್ಕೆಟ್, ಅದರ ಕೆಳಗೆ ಮಕ್ಕಳ ಸ್ಕೂಲ್ ಶೂ. ಯಾರು ಕೊಂಡರು ಅನ್ನೋದು ಕಾಣಲ್ಲ. ಸರ್ವರ್ ಖರ್ಚಿನ ಒಂದು ಪಾಲು ಯಾರದೋ ಅಡುಗೆಮನೆಯಿಂದ ಬರುತ್ತಿದೆ ಅನ್ನಿ.

ಸಾಮಾನು ವಾಪಸ್ ಹೋದರೆ ಕಮಿಷನ್ನೂ ವಾಪಸ್. ದುಡ್ಡು ಕೈಗೆ ಬರಲು ಆ ತಿಂಗಳು ಮುಗಿದ ಮೇಲೆ ಸುಮಾರು 60 ದಿನ ಬೇಕು. ಖಾತೆಯವರು ತಮಗೇ ತಾವು ಕೊಂಡರೆ ಲೆಕ್ಕಕ್ಕಿಲ್ಲ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ‘ನಮ್ಮ ಲಿಂಕಿನಿಂದ ಕೊಂಡವರಿಗೆ ಟೀ ಶರ್ಟ್ ಕೊಡುತ್ತೇವೆ’, ‘ಇಷ್ಟು ಪಾಲು ಶಾಲೆಗೆ ದಾನ’ ಅಂತೆಲ್ಲ ಆಮಿಷ ತೋರಿಸುವ ಹಾಗಿಲ್ಲ. ಒಳ್ಳೆ ಉದ್ದೇಶಕ್ಕೇ ಮಾಡಿದರೂ ನಿಯಮ ಮುರಿದಂತೆಯೇ.

ಶಿವಮೊಗ್ಗ, ಸೈಕಲ್ ಅಂಗಡಿಯಿಂದ:
ನಾನು ಅಂಗಡಿ ಇಟ್ಟವನು, ಮಾತು ಸ್ವಲ್ಪ ಖಾರ ಅನ್ನಿಸಿದರೆ ಬೇಜಾರು ಮಾಡ್ಕೋಬೇಡಿ. ಆನ್‌ಲೈನ್‌ನಲ್ಲಿ ಟ್ಯೂಬ್ ತರಿಸುತ್ತಾರೆ, ಹಾಕಿಕೊಡಿ ಅಂತ ನಮ್ಮಲ್ಲಿಗೆ ಬರುತ್ತಾರೆ. ಡಬ್ಬಿ ಬಿಚ್ಚಿ ನೋಡಿದರೆ ದಪ್ಪ ಶ್ರೇಡರ್ ವಾಲ್ವ್, ಬೈಕ್ ಟೈರಿನಲ್ಲಿ ಇರುತ್ತಲ್ಲ ಅದು. ಅವರ ರಿಮ್ಮಿನ ತೂತು ಸಣ್ಣ ಪ್ರೆಸ್ಟಾ ವಾಲ್ವಿನದು. ಒಳಗೆ ಹೋಗೋದೇ ಇಲ್ಲ. ‘ಸ್ವಲ್ಪ ಡ್ರಿಲ್ ಮಾಡಿಬಿಡಿ’ ಅನ್ನೋರೂ ಇದ್ದಾರೆ. ಒಳ್ಳೇ ರೋಡ್ ಸೈಕಲ್ಲಿನ ರಿಮ್ಮಿಗೆ ಡ್ರಿಲ್ ಹಿಡಿಯೋಕೆ ನನಗಂತೂ ಕೈ ಬರಲ್ಲ. ಟೈರಿನ ಕಥೆಯೂ ಹೀಗೇ. ಎರಡರ ಮೇಲೂ 26 ಇಂಚು ಅಂತಲೇ ಬರೆದಿರುತ್ತದೆ. ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ಲಿನದು, ಟೈರ್ ಕೂರುವ ರಿಮ್ಮಿನ ಅಡ್ಡಳತೆ 559 ಮಿಲಿಮೀಟರ್; ಹಳೇ ಲೇಡೀಸ್ ಸೈಕಲ್ಲಿನ 26x1-3/8 ಅಂದರೆ 590. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಟೈರಿನ ಪಕ್ಕದಲ್ಲಿ ಸಣ್ಣಕ್ಕೆ ಅಚ್ಚಾಗಿರುವ ಆ ಮೂರಂಕಿ ನೋಡದೆ ಯಾರಿಗೂ ಲಿಂಕ್ ಕೊಡಬೇಡಿ.

ನನ್ನ ಅಭಿಪ್ರಾಯ ಇಷ್ಟು. ಊರಲ್ಲಿ ಸಿಗುವ ಟ್ಯೂಬ್, ಕೇಬಲ್, ಬ್ರೇಕ್ ಶೂ ಇವಕ್ಕೆಲ್ಲ ಲಿಂಕ್ ಹಾಕಲೇಬೇಡಿ. ಭಾನುವಾರ ಬೆಳಗ್ಗೆ ಸಕ್ರೆಬೈಲಿನ ಹತ್ತಿರ ಪಂಕ್ಚರ್ ಆದರೆ ಫೋನ್ ಮಾಡೋದು ನಮಗೇ ಅಲ್ವಾ? ಊರಲ್ಲಿ ಸಿಗದ ಸಾಮಾನಿಗೆ ಧಾರಾಳವಾಗಿ ಹಾಕಿ, ನನ್ನದೇನೂ ತಕರಾರಿಲ್ಲ. ಊರಿನ ಅಂಗಡಿಗಳ ಪಟ್ಟಿಯೂ ಅದೇ ಪುಟದಲ್ಲಿ ಇರಲಿ. ಬೇಕಾದರೆ ವರ್ಷಕ್ಕೆ ಇಷ್ಟು ಅಂತ ನಮ್ಮಿಂದ ಜಾಹೀರಾತಿನ ಹಣ ಕೇಳಿ, ಕೊಡುತ್ತೇವೆ.

ತೀರ್ಥಹಳ್ಳಿಯಿಂದ:
ಅಂಗಡಿಯಣ್ಣ ಹೇಳಿದ್ದು ಸರಿ. ನಮ್ಮ ಗುಂಪಿನಲ್ಲಿ ಲಿಂಕ್ ಇರುವುದು ನಾಲ್ಕೈದು ಬಗೆಯ ಸಾಮಾನಿಗೆ ಮಾತ್ರ. ಪೂರ್ತಿ ಉದ್ದದ ಮಡ್‌ಗಾರ್ಡ್, ಮಳೆಗೆ ತಡೆಯುವ ಲೈಟ್, ಮಳೆಗಾಲದ ಚೈನ್ ಆಯಿಲ್, ಮೀಟರ್ ಇರುವ ಪಂಪ್. ರಿಫ್ಲೆಕ್ಟರ್ ಜಾಕೆಟ್ ಕೂಡ ಹೋಗುತ್ತದೆ. 200 ಕಿಲೋಮೀಟರ್ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮಾಡುವವರಿಗೆ ಹದಿಮೂರೂವರೆ ಗಂಟೆ ಸಮಯ, ಕತ್ತಲಲ್ಲಿ ಲೈಟೂ ಜಾಕೆಟ್ಟೂ ಕಡ್ಡಾಯ. ಅವರು ಹೇಗಿದ್ದರೂ ಕೊಳ್ಳಲೇಬೇಕು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬರೆಯುವವರು ಬೇರೆ, ಲಿಂಕ್ ಸೇರಿಸುವವರು ಬೇರೆ. ಮಳೆಯಲ್ಲಿ ಆಗುಂಬೆ ಘಾಟಿ ಇಳಿದು ಬಂದವರು ಬ್ರೇಕ್ ಶೂ ಎಷ್ಟು ಸವೆಯಿತು, ರಿಮ್ಮಿಗೆ ಮರಳು ಹೇಗೆ ಉಜ್ಜಿತು, ಯಾವ ಲೈಟಿನೊಳಗೆ ನೀರು ಹೋಯಿತು ಅಂತ ಬರೆಯುತ್ತಾರೆ. ಲಿಂಕ್ ಇರುತ್ತದೋ ಇಲ್ಲವೋ ಅವರಿಗೆ ಗೊತ್ತಿರಲ್ಲ. ‘ಈ ಲೈಟ್ ತಗೋಬೇಡಿ, ಎರಡನೇ ಮಳೆಗೇ ಸತ್ತುಹೋಯ್ತು’ ಅಂತ ಬರೆಯೋಕೆ ಆಗ ಯಾರಿಗೂ ಮುಲಾಜು ಇರಲ್ಲ. ಜನ ನಂಬುವುದೂ ಅಂಥ ಪೋಸ್ಟನ್ನೇ. ‘2025ರ ಟಾಪ್ 10 ಹೆಲ್ಮೆಟ್’ ಅಂತ ಹಾಕಿದ್ದನ್ನು ನಾನಂತೂ ಓದಲ್ಲ.

ಬೆಲೆ ಬರೆಯಬೇಡಿ. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಹಳೇ ಪೋಸ್ಟುಗಳಲ್ಲಿದ್ದ ಬೆಲೆಯೆಲ್ಲ ತಪ್ಪಾಯಿತು.

ಭದ್ರಾವತಿಯಿಂದ:
ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬು, ಹಾಗಾಗಿ ಆ ಭಾಗ ಮಾತ್ರ ಹೇಳುತ್ತೇನೆ. ಖಾತೆ ಯಾರ ಪಾನ್ ಮೇಲೆ ಇದೆಯೋ ಆದಾಯ ಅವರದ್ದೇ. ‘ಬಳಗದ ದುಡ್ಡು ಸಾರ್’ ಅಂದರೆ ಇಲಾಖೆ ಕೇಳಲ್ಲ, ಅವರ ರಿಟರ್ನ್‌ನಲ್ಲಿ ತೋರಿಸಬೇಕು. ಕಮಿಷನ್ ಮೇಲಿನ ಟಿಡಿಎಸ್ (ದುಡ್ಡು ಕೊಡುವ ಮೊದಲೇ ಹಿಡಿದುಕೊಳ್ಳುವ ತೆರಿಗೆ) 2024ರ ಅಕ್ಟೋಬರ್‌ನಿಂದ ಶೇ. 5 ಇದ್ದದ್ದು 2ಕ್ಕೆ ಇಳಿದಿದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 20,000 ದಾಟಿದರೆ ಮಾತ್ರ ಹಿಡಿಯುತ್ತಾರೆ. ಪಾನ್ ಕೊಡದಿದ್ದರೆ ಶೇ. 20.

ಸಂಘ ನೋಂದಣಿ ಮಾಡಿಸೋಣ ಅಂತ ಯಾರಾದರೂ ಹೇಳಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಇದ್ದರೆ ಸಾಕು. ಆದರೆ ವರ್ಷಕ್ಕೆ ಐದಾರು ಸಾವಿರಕ್ಕೆ ಬೈಲಾ, ಸಭೆ, ಆಡಿಟ್ ಎಲ್ಲ ಎಂತಕ್ಕೆ? ಒಬ್ಬರ ಹೆಸರಲ್ಲೇ ಖಾತೆ ಇರಲಿ. ಬಂದದ್ದು ಎಷ್ಟು, ಸರ್ವರ್‌ಗೆ ಹೋದದ್ದು ಎಷ್ಟು ಅಂತ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಸ್ನೇಹ ಕೆಡೋದು ದೊಡ್ಡ ಮೊತ್ತಕ್ಕಲ್ಲ ಸಾರ್, ಲೆಕ್ಕ ಕೊಡದ ನಾನೂರು ರೂಪಾಯಿಗೆ.

ಹೊಸನಗರದಿಂದ:
ಲಿಂಕಿನಿಂದ ಕಮಿಷನ್ ಬರುತ್ತೆ ಅಂತ ಹೇಳಲೇಬೇಕಾ? ಹೇಳಿದರೆ ಜನ ಒತ್ತಲ್ಲ ಅನ್ನಿಸುತ್ತೆ.

ಸಾಗರದಿಂದ:
ಹೇಳಲೇಬೇಕು. ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಕೊಟ್ಟಿದೆ. ಹಣದ ಸಂಬಂಧ ಇದ್ದರೆ ಎದ್ದು ಕಾಣುವ ಹಾಗೆ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ತಿಳಿಸಬೇಕು. ಪುಟದ ತಳದಲ್ಲಿ ಇಂಗ್ಲಿಷ್ ಸಾಲೊಂದನ್ನು ಅಂಟಿಸಿ ಕೈತೊಳೆದುಕೊಳ್ಳೋ ಹಾಗಿಲ್ಲ. ಅಮೆಜಾನ್ ಕೂಡ ತನ್ನ ಒಕ್ಕಣೆಯ ಸಾಲೊಂದನ್ನು ಹಾಕಲು ಹೇಳುತ್ತದೆ, ಅದೂ ಇರಲಿ. ನಾವು ಪ್ರತಿ ಲಿಂಕಿನ ಪಕ್ಕದಲ್ಲೇ ‘ಇದರಿಂದ ಬಳಗಕ್ಕೆ ಕಮಿಷನ್ ಸಿಗುತ್ತದೆ’ ಅಂತ ಬರೆಯುತ್ತೇವೆ. ಅದನ್ನು ಓದಿಯೇ ಒತ್ತುವವರು ಇದ್ದಾರೆ, ಬಳಗದ ಮೇಲಿನ ಅಭಿಮಾನ. ಬೇಡ ಅನ್ನುವವರಿಗೆ ಗುರುತಿಲ್ಲದ ಸಾದಾ ಲಿಂಕೂ ಪಕ್ಕದಲ್ಲಿದೆ.

ಕೇಳಿದವರು, ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಪ್ರಶ್ನೆ. ಸದಸ್ಯರು ತಾವಾಗಿ ಹಾಕುವ ಲಿಂಕುಗಳಿಗೂ ನಮ್ಮ ಗುರುತನ್ನು ತಾನಾಗಿ ಸೇರಿಸುವ ಸೇವೆಗಳು ಇವೆಯಂತೆ. ಅದು ಸುಲಭ ಅಲ್ವಾ?

ಸಾಗರದಿಂದ:
ಸುಲಭವೇನೋ ಹೌದು. ಆದರೆ ಜಗಳಕ್ಕೆ ದಾರಿಯೂ ಅದೇ. 2012ರಲ್ಲಿ ಚಿತ್ರ ಹಂಚಿಕೊಳ್ಳುವ ತಾಣ ಪಿಂಟರೆಸ್ಟ್ ಹೀಗೇ ಸ್ಕಿಮ್‌ಲಿಂಕ್ಸ್ ಅನ್ನೋ ಇಂಥದ್ದೇ ಸೇವೆಯ ಮೂಲಕ ಸದಸ್ಯರ ಲಿಂಕುಗಳಿಂದ ಕಮಿಷನ್ ತೆಗೆಯುತ್ತಿತ್ತು ಅಂತ ಗೊತ್ತಾದಾಗ ದೊಡ್ಡ ಚರ್ಚೆಯೇ ಆಯಿತು. ಜನಕ್ಕೆ ಕೋಪ ಬಂದದ್ದು ಮೊದಲೇ ಹೇಳಲಿಲ್ಲ ಅಂತ. ಮಾಡುವುದಾದರೆ ಮೊದಲು ಎಲ್ಲರ ಒಪ್ಪಿಗೆ ಕೇಳಿ. ಸದಸ್ಯರದ್ದೇ ಗುರುತು ಇರುವ ಲಿಂಕನ್ನು ಮುಟ್ಟಲೇಬೇಡಿ.

ಅರ್ಜಿ ಯಾವಾಗ ಹಾಕಬೇಕು ಅನ್ನೋದನ್ನೂ ಯೋಚಿಸಿ. ಅಮೆಜಾನ್‌ನಲ್ಲಿ ಖಾತೆ ತೆರೆದ 180 ದಿನದೊಳಗೆ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ, ಮತ್ತೆ ಮೊದಲಿಂದ ಅರ್ಜಿ. ಮೇ ತಿಂಗಳಲ್ಲಿ ತೆರೆಯಿರಿ. ಜೂನ್ ಬಂತೆಂದರೆ ಮಡ್‌ಗಾರ್ಡ್ ಹುಡುಕುವವರು ಶುರುವಾಗುತ್ತಾರೆ, ದಸರಾ ಹೊತ್ತಿನ ಆನ್‌ಲೈನ್ ಸೇಲ್ ಕೂಡ ಆ ಗಡುವಿನೊಳಗೇ ಬರುತ್ತದೆ.