ಒಂಬತ್ತು ಸಲ ಹುಯ್ದೆ, ಒಂಬತ್ತೂ ಹಾಳು: ಸಿಲಿಕೋನ್ ಅಚ್ಚಲ್ಲಿ ಆನೆ ಸೊಂಡಿಲು ತುಂಬ್ತಾನೇ ಇಲ್ಲ

ಪಟ್ಟದಗೊಂಬೆ | ಮೈಸೂರು

ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿದೆ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನವರಾತ್ರಿಗೆ ಇನ್ನು ಮೂರೇ ವಾರ.

ಅಮ್ಮನ ಕಾಲದ ಜಂಬೂ ಸವಾರಿ ಸೆಟ್ಟಲ್ಲಿ ಅಂಬಾರಿ ಆನೆ ಮಣ್ಣಿಂದು. ಹೋದ ವರ್ಷ ಗೊಂಬೆ ಎತ್ತಿಡೋವಾಗ ಕೈಜಾರಿ ಬಿತ್ತು. ಅದನ್ನೇ ಅಂಟಿಸಿ, ಸವೆದಿದ್ದ ಕಡೆ ತಿದ್ದಿ, ಅದರ ಮೇಲೇ ಅಚ್ಚು ತೆಗೆದು ಲೋಹದಲ್ಲಿ ಮಾಡೋಣ, ಇನ್ನು ಒಡೆಯೋ ಭಯ ಇರಲ್ಲ ಅಂದ್ಕೊಂಡೆ. ಎತ್ತರ ನಾಲ್ಕು ಸೆಂಟಿಮೀಟರ್. ಅಚ್ಚು ಸಿಲಿಕೋನ್ ರಬ್ಬರಿಂದು, ಎರಡು ಭಾಗದ್ದು, ತುಂಬಾ ಚೆನ್ನಾಗಿ ಬಂದಿದೆ. ಕಿವಿಯ ಮಡಿಕೆ, ಜೂಲಿನ ಅಂಚಿನ ಗೊಂಡೆ ಕೂಡ ಕಾಣುತ್ತೆ. ಆದ್ರೆ ಹುಯ್ದ್ರೆ ಸೊಂಡಿಲು ಅರ್ಧಕ್ಕೇ ನಿಲ್ಲುತ್ತೆ, ಅಂಬಾರಿ ಮೇಲಿನ ಕಳಶ ಬರೋದೇ ಇಲ್ಲ, ಮೈಯೆಲ್ಲ ರಾಗಿಕಾಳು ಒತ್ತಿ ತೆಗೆದ ಹಾಗೆ ಸಣ್ಣ ಸಣ್ಣ ಗುಳಿ. ವಿಡಿಯೋದಲ್ಲಿ ತೋರಿಸಿದ ಹಾಗೇ ಮಾಡಿದೀನಿ. ಎಲ್ಲಿ ತಪ್ತಿದೆ?

ಬಿಸಿಸೌಟು | ಬೆಂಗಳೂರು

ಲೋಹ ಬಿಸಿ ಸಾಲ್ದು ಮೇಡಂ. ಬೇರೆ ಏನೂ ಅಲ್ಲ. ಸೊಂಡಿಲು ತೆಳು, ಅಲ್ಲಿಗೆ ಹೋಗೋಷ್ಟರಲ್ಲಿ ಗಟ್ಟಿ ಆಗ್ಬಿಡುತ್ತೆ. ತವರ 232 ಡಿಗ್ರಿಗೆ ಕರಗುತ್ತೆ ಅಂತ ಕರಗಿದ ತಕ್ಷಣ ಹುಯ್ಯೋ ಹಾಗಿಲ್ಲ. ಇನ್ನೊಂದು 50 ಡಿಗ್ರಿ ಏರಿಸಿ.

ಪಟ್ಟದಗೊಂಬೆ

ಏರಿಸಿ ಈಗ ತಾನೇ ಹುಯ್ದೆ. ಹತ್ತನೇದು. ಸೊಂಡಿಲು ಅದೇ ಜಾಗದಲ್ಲಿ ನಿಂತಿದೆ.

ಬಿಸಿಸೌಟು

ಇನ್ನೂ ಏರಿಸಿ. ಬೆಂಕಿಕಡ್ಡಿಯ ಹಿಂಬದಿ ಅದ್ದಿ ನೋಡಿ. ಕಂದು ಬಣ್ಣ ಆದ್ರೆ ಸರಿ, ಬಿಳಿಯಾಗೇ ಇದ್ರೆ ತಣ್ಣಗಿದೆ ಅಂತ ಅರ್ಥ.

ಸಣ್ಣಸಿಪಾಯಿ | ನಾಟಿಂಗ್‌ಹ್ಯಾಮ್, ಮೂಲ ಹಾಸನ

ಸ್ವಲ್ಪ ತಡೀರಿ. ಮೇಡಂ, ಲೋಹ ಯಾವುದು ಅಂತ ನೀವು ಹೇಳೇ ಇಲ್ಲ. ಸಿಲಿಕೋನ್ ಯಾವುದು? ಅಚ್ಚು ಬಿಸಿ ಮಾಡಿ ಹುಯ್ತೀರಾ, ತಣ್ಣಗಿರೋವಾಗಲೇ ಹುಯ್ತೀರಾ? ಪೌಡರ್ ಹಾಕ್ತೀರಾ? ಹುಯ್ಯೋ ಬಾಯಿ ಯಾವ ಕಡೆ ಇದೆ, ಗಾಳಿ ದಾರಿ ಎಷ್ಟು ಕೊಯ್ದಿದೀರಾ? ಇಷ್ಟು ಗೊತ್ತಾಗದೆ ಏನು ಹೇಳಿದ್ರೂ ಊಹೆ ಆಗುತ್ತೆ.

ಪಟ್ಟದಗೊಂಬೆ

ಲೋಹ ತವರ. ಕಲಾಯಿ ಹಾಕೋರ ಹತ್ರ ಅರ್ಧ ಕೆಜಿ ತಗೊಂಡೆ. ಸ್ವಲ್ಪ ಕಮ್ಮಿ ಬಿತ್ತು ಅಂತ ಮನೇಲಿದ್ದ ಬೆಸುಗೆ ಕಡ್ಡಿ ಸೇರಿಸಿದೆ. ಸಿಲಿಕೋನ್ ಬಿಳಿ ಬಣ್ಣದ್ದು, ಜೊತೆಗೆ ಒಂದು ಸಣ್ಣ ಬಾಟ್ಲಿ ಹಾರ್ಡನರ್. ಅಂಗಡೀಲಿ ಡಬ್ಬದಿಂದ ಬಗ್ಗಿಸಿ ಕೊಟ್ರು, ಲೇಬಲ್ ಇಲ್ಲ. ಪೌಡರ್ ಹಾಕ್ಬೇಕಾ? ಬಾಯಿ ಹಿಂಗಾಲಿನ ಪಾದದಲ್ಲಿದೆ, ಆನೆ ತಲೆಕೆಳಗಾಗಿ ನಿಲ್ಲುತ್ತೆ. ಗಾಳಿ ದಾರಿ ಅಂದ್ರೆ ಏನು?

ಸಣ್ಣಸಿಪಾಯಿ

ಸಿಕ್ತು ಅನ್ಸುತ್ತೆ. ಆಫೀಸಿಂದ ಬಂದು ಬರೀತೀನಿ.

ಗಾಳದಗುಂಡು | ಶ್ರೀರಂಗಪಟ್ಟಣ

ತವರಕ್ಕೆ ಯಾಕೆ ಅಷ್ಟು ದುಡ್ಡು ಸುರೀತೀರಾ? ಸೀಸ ತಗೊಳ್ಳಿ. 327 ಡಿಗ್ರಿಗೆ ಕರಗುತ್ತೆ, ಗುಜರಿ ಅಂಗಡೀಲಿ ಸಿಗುತ್ತೆ. ನಾವು ಬಲೆಗೆ, ಗಾಳಕ್ಕೆ ಗುಂಡು ಹುಯ್ಯೋದು ಅದರಲ್ಲೇ. ನಮ್ಮಪ್ಪ ನಲವತ್ತು ವರ್ಷ ಹುಯ್ದಿದಾರೆ.

ಕಮ್ಮಾರಓಣಿ | ಧಾರವಾಡ

ಸೀಸ ಬ್ಯಾಡ್ರಿ. ಇದು ಗೊಂಬಿ, ಹುಡುಗ್ರು ಮುಟ್ಟತಾವ, ಸಣ್ಣವು ಬಾಯಾಗೂ ಇಟ್ಕೋತಾವ. ಮಕ್ಕಳ ರಕ್ತದಾಗ ಇಷ್ಟು ಸೀಸ ಇದ್ರ ಅಡ್ಡಿಯಿಲ್ಲ ಅನ್ನೋ ಪ್ರಮಾಣನ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆನ ಹೇಳೈತಿ. ಅಕ್ಕಾರ, ನೀವು ಹಾಕಿದ ಬೆಸುಗೆ ಕಡ್ಡಿ ಯಾವುದು ನೋಡ್ರಿ. 60/40 ಅಂತ ಇದ್ರ ಅದರಾಗ 40 ಪಾಲು ಸೀಸನ. ಆ ಮಿಶ್ರಣ ಬಾಜೂಕ ಇಡ್ರಿ.

ಗಾಳದಗುಂಡು

ನಲವತ್ತು ವರ್ಷದಲ್ಲಿ ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ. ಹೊಗೆ ಬರೋ ಹಾಗೆ ಕಾಯಿಸಬಾರದು, ಅಷ್ಟೇ.

ಕಮ್ಮಾರಓಣಿ

ಹೊಗಿಕಿಂತ ಧೂಳು ಕೆಟ್ಟದ್ರಿ. ಮ್ಯಾಲ ಕೆನಿಗಟ್ಟಿದ ಕಿಟ್ಟ ತಗೀತೀರಿ, ಅರದಿಂದ ಉಜ್ಜತೀರಿ, ಅದ ಕೈಲೆ ರೊಟ್ಟಿ ಮುರೀತೀರಿ. ಒಳಗ ಹೋಗೋದು ಹಂಗ. ತಂದಿಯವರ ರಕ್ತ ಒಮ್ಮೆ ಪರೀಕ್ಷೆ ಮಾಡಿಸ್ರಿ, ಸಿಟ್ಟಿಗೆ ಹೇಳಾಕತ್ತಿಲ್ಲ.

ಪಟ್ಟದಗೊಂಬೆ

ಕಡ್ಡಿ ಮೇಲೆ 60/40 ಅಂತಲೇ ಇದೆ. ಅಡುಗೆಮನೆ ಒಲೆ ಮೇಲೆ, ಹಳೇ ಒಗ್ಗರಣೆ ಸೌಟಲ್ಲಿ ಕರಗಿಸ್ತಿದ್ದೆ. ಹೇಳಿದ್ದು ಒಳ್ಳೇದಾಯ್ತು. ಸೌಟು ಇನ್ನು ಒಳಗೆ ಬರಲ್ಲ, ಒಲೆಕಟ್ಟೆ ಎರಡು ಸಲ ಒದ್ದೆ ಬಟ್ಟೇಲಿ ಒರೆಸಿ ಬಟ್ಟೆ ಎಸೆದೆ. ನಾಳೆಯಿಂದ ಹಿತ್ತಲಲ್ಲಿ ಬೇರೆ ಸ್ಟೌ. ಹೊಸ ತವರ ತರ್ತೀನಿ.

ಬಿಸಿಸೌಟು

ಇದೆಲ್ಲ ಸರಿ, ಆದ್ರೆ ಸೊಂಡಿಲು ತುಂಬ್ತಿಲ್ಲ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೆಸುಗೆ ಸೇರಿದ್ರೆ ಇನ್ನೂ ಬೇಗ ಕರಗುತ್ತೆ, ಚೆನ್ನಾಗೇ ಹರೀಬೇಕು. ತವರ 63, ಸೀಸ 37 ಇದ್ರೆ 183ಕ್ಕೇ ನೀರಾಗುತ್ತೆ. 350ಕ್ಕೆ ತಗೊಂಡ್ಹೋಗಿ, ಸೊಂಡಿಲು ಬರದೇ ಇದ್ರೆ ಕೇಳಿ.

ಕಮ್ಮಾರಓಣಿ

350 ಬ್ಯಾಡ್ರೀ ಅಣ್ಣಾರ. ಯಾವ ಸಿಲಿಕೋನ್ ಅನ್ನೋದ ಗೊತ್ತಿಲ್ಲ. ಶಾಖ ತಡಿಯೋ ಜಾತೀವೂ ಸುಮಾರು 300ರ ಹತ್ರ ಸೋಲ್ತಾವ, ಸಾದಾ ಜಾತೀವು ಅದಕ್ಕೂ ಮೊದಲ. ಸೊಂಡಿಲ ಕಡೆ ತೆಳ್ಳಗಿನ ಅಂಚು ಸುಟ್ಟು ಪುಡಿ ಉದುರ್ತೈತಿ.

ಫ್ಯಾನ್‌ಮೋಟಾರ್ | ಪೀಣ್ಯ

ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋ ಬದಲು ತಿರುಗಿಸಿ ಹುಯ್ಯಿರಿ. ನಾನು ಹಳೇ ವಾಷಿಂಗ್ ಮೆಷಿನ್ ಮೋಟಾರಲ್ಲಿ ಸ್ಪಿನ್ ಕಾಸ್ಟಿಂಗ್ ಮಾಡ್ಕೊಂಡಿದೀನಿ. ಒಂಬತ್ತು ಇಂಚಿನ ದುಂಡು ಅಚ್ಚು, ನಡುವೆ ಹುಯ್ದ್ರೆ ಸುತ್ತ ಹದಿನಾಲ್ಕು ಸಿಪಾಯಿ ಒಂದೇ ಸಲಕ್ಕೆ. ವೇಗ ಕಮ್ಮಿ ಜಾಸ್ತಿ ಮಾಡೋಕೆ ಡ್ರೈವ್ ಹಾಕಿದೀನಿ. ಸುತ್ತ ಮೂರು ಮಿಲಿಮೀಟರ್ ಕಬ್ಬಿಣದ ತಗಡಿನ ಡ್ರಮ್, ಲೋಹ ಚಿಮ್ಮಿದ್ರೂ ಆಚೆ ಬರಲ್ಲ. ಮುಚ್ಚಳ ತೆಗೆದ್ರೆ ಮೋಟಾರು ತಾನೇ ನಿಲ್ಲೋ ಸ್ವಿಚ್ಚು. ಬೇರಿಂಗ್ ಎರಡು ಸಲ ಬದಲಾಯಿಸಿದ್ಮೇಲೆ ಈಗ ನಡುಕ ಪೂರ್ತಿ ನಿಂತಿದೆ. ಫೋಟೋ ಬೇಕಾದವರು ಹೇಳಿ.

ಬಿಸಿಸೌಟು

ಫೋಟೋ ಹಾಕಿ ಸಾರ್! ಡ್ರೈವ್ ಎಷ್ಟು ಎಚ್‌ಪಿ?

ಜೇಡಿಕೈ | ಶಿವಮೊಗ್ಗ

ನಡುವೆ ಬರ್ತಿರೋದಕ್ಕೆ ಕ್ಷಮಿಸಿ. ನಂದೂ ಸಿಲಿಕೋನ್ ಸಮಸ್ಯೆ. ಎರಡು ದಿನ ಆದ್ರೂ ಗೊಂಬೆ ತಾಗಿರೋ ಕಡೆ ಅಂಟಂಟು, ಡಬ್ಬದ ಗೋಡೆ ಕಡೆ ಮಾತ್ರ ಗಟ್ಟಿ. ಸಿಲಿಕೋನಿನ ಎರಡೂ ಭಾಗ ಒಂದಕ್ಕೊಂದು ಸಮ ಸೇರಿಸಿದೀನಿ.

ಸಣ್ಣಸಿಪಾಯಿ

ಬಂದೆ. ಪಟ್ಟದಗೊಂಬೆ ಮೇಡಂ, ಒಂದೊಂದಾಗಿ ಹೇಳ್ತೀನಿ.

ಆನೆ ತಲೆಕೆಳಗಾಗಿದೆ ಅಂದ್ರಿ. ಹಾಗಾದ್ರೆ ಇಳಿಬಿದ್ದ ಸೊಂಡಿಲಿನ ತುದಿ ಅಚ್ಚಲ್ಲಿ ಮೇಲ್ಮುಖ ಆಯ್ತು. ಲೋಹ ಕೆಳಗಿಂದ ತುಂಬ್ತಾ ಬಂದ ಹಾಗೆ ಗಾಳಿಯೆಲ್ಲ ಆ ತುದೀಲಿ ಸಿಕ್ಕಾಕೊಳ್ಳುತ್ತೆ, ಅದಕ್ಕೆ ಹೋಗೋಕೆ ಜಾಗ ಇಲ್ಲ. ಕಳಶ ತಳದಲ್ಲಿದೆ, ಅಷ್ಟು ಕಿರಿದಾದ ಗುಂಡಿ ಬಾಯಿಗೆ ಲೋಹ ಮೊದಲೇ ಮುಚ್ಚಳ ಹಾಕಿದ ಹಾಗೆ ಕೂತ್ಕೊಳ್ಳುತ್ತೆ. ಎರಡೂ ಕಡೆ ಗಾಳಿಯೇ ಅಡ್ಡ. ನೀವೇ ಹೇಳಿದ್ರಲ್ಲ, ಶಾಖ ಏರಿಸಿದ್ರೂ ಅದೇ ಜಾಗದಲ್ಲಿ ನಿಂತಿದೆ ಅಂತ. ತಣ್ಣಗಿದ್ದಿದ್ರೆ ಒಂದು ಸಲ ಸೊಂಡಿಲು, ಒಂದು ಸಲ ಕಿವಿ, ಒಂದು ಸಲ ಬಾಲ ತಪ್ಪಬೇಕಿತ್ತು, ಅಂಚು ದುಂಡಗೆ ಮಡಚಿಕೊಂಡಿರಬೇಕಿತ್ತು.

ಕಮ್ಮಾರಓಣಿ

ಖರೇ ಮಾತು. ನಮ್ಮ ಮರಳಿನ ಅಚ್ಚು ಉಸಿರಾಡ್ತೈತಿ, ಕಾಳಿನ ಸಂದ್ಯಾಗಿಂದ ಗಾಳಿ ತಾನ ಹೊರಗ ಹೋಗ್ತೈತಿ. ಸಿಲಿಕೋನ್ ರಬ್ಬರ್ರಿ, ಅದು ಉಸಿರಾಡಂಗಿಲ್ಲ. ನೀವ ದಾರಿ ಕೊಯ್ದು ಕೊಡಬೇಕು.

ಸಣ್ಣಸಿಪಾಯಿ

ಹೌದು. ಹೊಸ ಬ್ಲೇಡ್ ತಗೊಂಡು, ಎರಡು ಭಾಗ ಸೇರೋ ಮುಖದ ಮೇಲೆ, ಸೊಂಡಿಲ ತುದಿಯಿಂದ ನೇರ ಮೇಲಕ್ಕೆ ಅಚ್ಚಿನ ಅಂಚಿನವರೆಗೆ ಹೊಲಿಗೆ ದಾರದಷ್ಟು ತೆಳು ಗೀರು ಕೊಯ್ಯಿರಿ. ಕಳಶಕ್ಕೂ ಒಂದು ಗೀರು, ಆದ್ರೆ ಅದನ್ನ ಕೆಳಗೆ ಬಿಡಬೇಡಿ, ಲೋಹ ಸೋರುತ್ತೆ. ಪಕ್ಕದಿಂದ ಸುತ್ತಿಸಿ ಮೇಲಕ್ಕೇ ತನ್ನಿ. ಆಮೇಲೆ ಮುಖಕ್ಕೆ ಹಚ್ಚೋ ಟಾಲ್ಕಂ ಪೌಡರನ್ನ ಮೆತ್ತನೆ ಬ್ರಷ್ಷಲ್ಲಿ ಎರಡೂ ಭಾಗಕ್ಕೆ ಸವರಿ, ಬೋರಲು ಹಾಕಿ ತಟ್ಟಿ ಉದುರಿಸಿ. ಕಣ್ಣಿಗೆ ಕಾಣದಷ್ಟು ಉಳಿದ್ರೆ ಸಾಕು. ಆ ಪುಡಿಯ ಸಂದಿಯಲ್ಲೂ ಗಾಳಿ ಜಾರುತ್ತೆ, ಲೋಹವೂ ಚೆನ್ನಾಗಿ ಹರಡುತ್ತೆ.

ಒಂದೇ ಪಾದದಿಂದ ಹುಯ್ಯೋದೂ ತೊಂದರೆ. ಹೊಟ್ಟೆ ದಪ್ಪ, ಕೊನೇಲಿ ಗಟ್ಟಿ ಆಗೋದು ಅದು. ಗಟ್ಟಿ ಆಗ್ತಾ ಕುಗ್ಗುತ್ತೆ. ಆಗ ಮೇಲಿಂದ ಲೋಹ ಎಳ್ಕೊಳ್ಳೋಕೆ ನೋಡುತ್ತೆ, ಕಾಲು ಅಷ್ಟೊತ್ತಿಗೆ ಗಟ್ಟಿ ಆಗಿರುತ್ತೆ. ನಾಲ್ಕೂ ಪಾದ ಸೇರೋ ಹಾಗೆ ಬಾಯಿ ಅಗಲ ಮಾಡಿ, ಮೇಲೆ ಬಟ್ಟಲಿನ ಆಕಾರ ಕೊಯ್ಯಿರಿ. ಬಟ್ಟಲು ತುಂಬಾ ಲೋಹ ನಿಂತ್ರೆ ಅದರ ಭಾರವೇ ಒಳಗೆ ಒತ್ತುತ್ತೆ.

ಮೈ ಮೇಲಿನ ಗುಳಿ ಮಾತ್ರ ಇದರಿಂದ ಆಗಿರಲಾರದು. ಅಚ್ಚು ಮಾಡಿ ಎಷ್ಟು ಹೊತ್ತಿಗೆ ಹುಯ್ದಿರಿ?

ಅರಮನೆಬೀದಿ | ಮೈಸೂರು

ಮೇಡಂ, ಫೋಟೋದಲ್ಲಿ ದಂತ ಉದ್ದ ಇದೆ, ಇದು ಅರ್ಜುನನಾ, ಅಭಿಮನ್ಯುನಾ? ದಸರಾದಲ್ಲಿ ಅಂಬಾರಿ ಹೊತ್ತಿದ್ದು 2012ರಿಂದ 2019ರವರೆಗೆ ಅರ್ಜುನ, 2020ರಿಂದ ಅಭಿಮನ್ಯು. ಅರ್ಜುನ 2023ರ ಡಿಸೆಂಬರಲ್ಲಿ ಹೋದಾಗ ನಮ್ಮ ಬೀದೀಲಿ ಮನೆಮಂದಿ ಹೋದಷ್ಟೇ ದುಃಖ. 750 ಕೆಜಿ ಅಂಬಾರಿ ಎಂಟು ಸಲ ಹೊತ್ತ ಆನೆ.

ಪಟ್ಟದಗೊಂಬೆ

ಇದು ಅಮ್ಮನ ಮದುವೆಗೂ ಮುಂಚಿನ ಗೊಂಬೆ, ಇವರಿಬ್ಬರೂ ಅಲ್ಲ ಸಾರ್. ಅಮ್ಮ ಇದನ್ನ ಬರೀ "ಆನೆಯಪ್ಪ" ಅಂತಿದ್ರು.

ಸಣ್ಣಸಿಪಾಯಿಯವರೇ, ರಾತ್ರಿ ಸಿಲಿಕೋನ್ ಹುಯ್ದು ಬೆಳಿಗ್ಗೆ ಬಿಡಿಸಿದೆ, ಹತ್ತು ಗಂಟೆಗೆ ಲೋಹ ಹುಯ್ದೆ. ಮುಟ್ಟಿದ್ರೆ ಗಟ್ಟಿಯಾಗೇ ಇತ್ತು. ಒಂದು ವಿಷಯ ಹೇಳೋದು ಮರೆತೆ, ಮುಖ್ಯ ಅಂತ ಅನ್ನಿಸಿರಲಿಲ್ಲ: ಹುಯ್ಯೋವಾಗ "ಚುಂಯ್" ಅಂತ ಸದ್ದು ಬರುತ್ತೆ, ಬಾಯಲ್ಲಿ ಲೋಹ ಒಂದು ಗಳಿಗೆ ಕುದಿದ ಹಾಗೆ ಗುಳುಗುಳು ಅನ್ನುತ್ತೆ.

ಸಣ್ಣಸಿಪಾಯಿ

ಅದೇ! ದಯವಿಟ್ಟು ಆ ಅಚ್ಚಲ್ಲಿ ಸದ್ಯಕ್ಕೆ ಹುಯ್ಯಬೇಡಿ. ಬಿಳಿ ಸಿಲಿಕೋನ್, ಸಣ್ಣ ಬಾಟ್ಲಿ ಹಾರ್ಡನರ್ ಅಂದ್ರೆ ಹೆಚ್ಚುಕಮ್ಮಿ ಟಿನ್-ಕ್ಯೂರ್, ಅಂದ್ರೆ ತವರದ ಸಂಯುಕ್ತದಿಂದ ಗಟ್ಟಿ ಆಗೋ ಜಾತಿ. ಅದು ಗಟ್ಟಿ ಆಗೋವಾಗ ಒಳಗೆ ಆಲ್ಕೋಹಾಲ್ ಹುಟ್ಟುತ್ತೆ. ಮುಟ್ಟೋಕೆ ಗಟ್ಟಿ ಅನ್ನಿಸಿದ್ರೂ ಅದು ಇನ್ನೂ ಆರಿರಲ್ಲ, ತೇವವೂ ಇರುತ್ತೆ. 250 ಡಿಗ್ರಿ ಲೋಹ ತಾಗಿದ ತಕ್ಷಣ ಅಷ್ಟೂ ಆವಿಯಾಗಿ ನುಗ್ಗುತ್ತೆ, ನಿಮ್ಮ ರಾಗಿಕಾಳು ಗುಳಿ ಅದೇ. ಜೋರಾದ್ರೆ ಲೋಹ ಮುಖಕ್ಕೆ ಎರಚುತ್ತೆ. ಕನ್ನಡಕ, ತೊಗಲಿನ ಕೈಗವಸು ಇಲ್ಲದೆ ನಿಲ್ಲಬೇಡಿ.

ಒಂದು ದಿನ ಪೂರ್ತಿ ತೆರೆದಿಡಿ. ಆಮೇಲೆ ಅಡುಗೆಗೆ ಬಳಸದ ಓವನ್ ಇದ್ರೆ 65 ಡಿಗ್ರೀಲಿ ನಾಲ್ಕು ಗಂಟೆ. ಹುಯ್ಯೋ ದಿನ ಅಚ್ಚು ಕೈಗೆ ಬಿಸಿ ಅನ್ನಿಸೋಷ್ಟು ಕಾಯಿಸಿ ಶುರು ಮಾಡಿ. ಆದ್ರೂ ಮೊದಲ ಎರಡು ಮೂರು ಕೆಟ್ಟೇ ಬರ್ತವೆ, ಅವನ್ನ ಮತ್ತೆ ಕರಗಿಸಿ. ಇಲ್ಲಿ ನಾಟಿಂಗ್‌ಹ್ಯಾಮಲ್ಲಿ ಯುದ್ಧದಾಟದ ಸಿಪಾಯಿ ಮಾಡೋ ಕಂಪನಿಗಳು ಎಷ್ಟಿವೆ ಅಂದ್ರೆ ಈ ಭಾಗವನ್ನ ಸೀಸದ ಪಟ್ಟಿ (ಲೆಡ್ ಬೆಲ್ಟ್) ಅಂತಲೇ ಕರೀತಾರೆ. ಅಲ್ಲಿ ಕೆಲಸ ಮಾಡೋ ಗೆಳೆಯರೂ ಅಚ್ಚು ಬಿಸಿ ಏರೋವರೆಗೆ ಬಂದದ್ದನ್ನ ಲೆಕ್ಕಕ್ಕೇ ಇಡಲ್ಲ.

ಬಿಸಿಸೌಟು

ಅಚ್ಚು ಬಿಸಿ ಮಾಡಿ ಅಂತಿದೀರಲ್ಲ, ಅಂದ್ರೆ ಶಾಖದ ಸಮಸ್ಯೆ ಅಂತಲೇ ಆಯ್ತು. ನಾನು ಮೊದಲಿಂದ ಹೇಳಿದ್ದೂ ಅದೇ.

ಕಮ್ಮಾರಓಣಿ

ಅಣ್ಣಾರ, ನೀವು ಹೇಳಿದ್ದು ಲೋಹದ ಶಾಖ. ಇದು ಅಚ್ಚಿಂದು. ಲೋಹ ಅತಿ ಕಾಯಿಸಿದ್ರ ಕಿಟ್ಟ ಜಾಸ್ತಿ, ಕುಗ್ಗೋದೂ ಜಾಸ್ತಿ.

ಫ್ಯಾನ್‌ಮೋಟಾರ್

ಫೋಟೋ ಹಾಕಿದೀನಿ ನೋಡಿ. ಡ್ರೈವ್ ಅರ್ಧ ಎಚ್‌ಪಿ.

ಪಟ್ಟದಗೊಂಬೆ | ಐದು ದಿನದ ನಂತರ

ಅಚ್ಚನ್ನ ಎರಡು ದಿನ ಜಗಲಿ ಮೇಲೆ ತೆರೆದಿಟ್ಟೆ. ಪಕ್ಕದ ಮನೆಯವರ ಹಳೇ ಓಟಿಜಿ (ಸಣ್ಣ ಕರೆಂಟ್ ಓವನ್) ಮೂಲೆ ಸೇರಿತ್ತು, ಕೇಳಿ ತಂದು ನಾಲ್ಕು ಗಂಟೆ ಇಟ್ಟೆ. ಮೊದಲ ಅರ್ಧ ಗಂಟೆ ಬಾಗಿಲು ತೆರೆದ್ರೆ ಸ್ಪಿರಿಟ್ ವಾಸನೆ ಮೂಗಿಗೆ ಹೊಡೀತಿತ್ತು, ನಾಲ್ಕನೇ ಗಂಟೇಲಿ ಏನೂ ಇಲ್ಲ. ಗೀರು ಕೊಯ್ದೆ, ಬಾಯಿ ಬಟ್ಟಲು ಮಾಡಿದೆ, ಪೌಡರ್ ಸವರಿದೆ. ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿದ್ರೆ ಅಚ್ಚು ಸೊಟ್ಟಗಾಗ್ತಿತ್ತು, ಅದಕ್ಕೆ ಎರಡು ಪ್ಲೈವುಡ್ ತುಂಡಿನ ನಡುವೆ ಇಟ್ಟು ಮೆಲ್ಲಗೆ ಹಿಡಿಸಿದೆ. ಹೊಸ ತವರ, ಬೆಸುಗೆ ಇಲ್ಲ, ಕಬ್ಬಿಣದ ಸೌಟು.

ಸದ್ದು ಬರಲಿಲ್ಲ. ಗುಳುಗುಳು ಇಲ್ಲ. ಮೊದಲನೇದು ಬಾಲ ತಪ್ಪಿತು, ಎರಡನೇದು ಕಿವಿ. ಮೂರನೇದು ಬಿಡಿಸಿದಾಗ ಮೊದಲು ಕಂಡಿದ್ದು ಸೊಂಡಿಲ ತುದಿಯಿಂದ ಎದ್ದು ನಿಂತಿದ್ದ ಬೆಳ್ಳಿ ಕೂದಲಿನಂಥ ಎಳೆ. ಗಾಳಿ ದಾರಿಗೂ ಲೋಹ ಹೋಗಿತ್ತು. ಅದನ್ನ ಮುರಿದ್ರೆ ಕೆಳಗೆ ಪೂರ್ತಿ ಸೊಂಡಿಲು, ತುದಿಯ ಸುರುಳಿ ಸಮೇತ. ಮೈ ನುಣ್ಣಗಿದೆ. ಅಮ್ಮನ ಕೈಗೆ ಕೊಟ್ಟೆ, ಕಣ್ಣು ಕಾಣಲ್ಲ ಅವರಿಗೆ ಈಗ, ಬೆರಳಲ್ಲಿ ಸವರಿ ನೋಡಿ "ಆನೆಯಪ್ಪ ಭಾರ ಆಗಿದಾನೆ" ಅಂದ್ರು. ತೂಗಿದ್ರೆ 118 ಗ್ರಾಂ.

ಕಳಶ ಮಾತ್ರ ಇನ್ನೂ ಮುಕ್ಕಾಲು ಬರ್ತಿದೆ, ತುದಿ ಮೊಂಡು. ಗೀರು ಅಗಲ ಮಾಡ್ಲಾ?

ಕಮ್ಮಾರಓಣಿ

ಬ್ಯಾಡ್ರಿ ಅಕ್ಕಾರ, ಅಗಲ ಮಾಡಿದ್ರ ಕಳಶದ ಆಕಾರ ಹೋಗ್ತೈತಿ. ಮುಕ್ಕಾಲಕ್ಕ ಸಣ್ಣ ತೂತು ಕೊರದು ಹಿತ್ತಾಳಿ ತಂತಿ ತುಂಡು ಕೂಡಿಸ್ರಿ, ತುದಿ ಅರದಿಂದ ಚೂಪ ಮಾಡ್ರಿ. ಅಂಬಾರಿ ಮ್ಯಾಲ ಹಿತ್ತಾಳಿ ಬಂಗಾರದಂಗ ಕಾಣ್ತೈತಿ.

ಜೇಡಿಕೈ

ನನ್ನ ಅಂಟು ಇನ್ನೂ ಹೋಗಿಲ್ಲ. ಯಾರಾದ್ರೂ ಹೇಳ್ತೀರಾ?

ಸಣ್ಣಸಿಪಾಯಿ

ಸಮ ಸಮ ಸೇರಿಸೋದು ಅಂದ್ರೆ ನಿಮ್ಮದು ಪ್ಲಾಟಿನಂ-ಕ್ಯೂರ್, ಅಂದ್ರೆ ಪ್ಲಾಟಿನಂ ಸಂಯುಕ್ತದಿಂದ ಗಟ್ಟಿ ಆಗೋ ಸಿಲಿಕೋನ್ ಇರಬೇಕು. ಗೊಂಬೆ ಮಾಡಿರೋ ಕ್ಲೇಯಲ್ಲಿ ಗಂಧಕ ಇದೆಯಾ ನೋಡಿ, ಇದ್ರೆ ತಾಗಿದ ಕಡೆ ಅದು ಗಟ್ಟಿ ಆಗಲ್ಲ. ಲ್ಯಾಟೆಕ್ಸ್ ಕೈಗವಸು ಹಾಕ್ಕೊಂಡು ಕಲಸಿದ್ರೂ ಹೀಗೇ ಆಗುತ್ತೆ. ಕ್ಲೇ ಪೊಟ್ಟಣದ ಫೋಟೋ ಹಾಕಿ ಹೊಸ ಪ್ರಶ್ನೆ ಶುರು ಮಾಡಿ, ಇಲ್ಲಿ ಕಳೆದುಹೋಗುತ್ತೆ.

ಪಟ್ಟದಗೊಂಬೆ

ಹಿತ್ತಾಳೆ ತಂತಿ ಕೂತಿದೆ. ನಾಳೆಯಿಂದ ಸಿಪಾಯಿಗಳ ಅಚ್ಚು, ಹನ್ನೆರಡು ಬೇಕು. ಈಟಿ ಕೂದಲೆಳೆಯಷ್ಟು ತೆಳು, ಅದನ್ನ ಎರಕದಲ್ಲಿ ತರೋ ಬದಲು ಅಲ್ಲೂ ತಂತಿಯೇ ಹಾಕ್ತೀನಿ.